ತುಲಾಭಾರದ ಚಿತ್ರ: ಕಲಬುರಗಿಯ ಒಂದು ವ್ಯಂಗ್ಯಚಿತ್ರದ ಪ್ರಕರಣ

ಇದು ಒಂದೇ ಒಂದು ವ್ಯಂಗ್ಯಚಿತ್ರದ ಕಥೆ. ಎ3 ಅಳತೆಯ ಹಾಳೆ, ಕಪ್ಪು ಶಾಯಿ. ಬರೆದವಳಿಗೆ 19 ವರ್ಷ. 2025ರ ಫೆಬ್ರುವರಿಯಲ್ಲಿ ಕಲಬುರಗಿಯ ಒಂದು ಸಭಾಂಗಣದ ಪಡಸಾಲೆಯಲ್ಲಿ ಅದು ಒಂದೂವರೆ ದಿನ ಗೋಡೆ ಮೇಲಿತ್ತು. ಆಮೇಲೆ ಕೆಳಗಿಳಿಯಿತು. ಇಳಿಸಿದವನು ನಾನೇ. ಯಾಕೆ ಇಳಿಸಿದೆ, ಅದು ಸರಿಯೇ ತಪ್ಪೇ, ಆಮೇಲೆ ಆ ಹುಡುಗಿ ಏನು ಮಾಡಿದಳು ಎಂಬುದನ್ನು ಪೂರ್ತಿ ಬರೆದಿಡುತ್ತಿದ್ದೇನೆ. ಚಿತ್ರ ಕಲಿಸುವವರಿಗೂ ಬರೆಯುವ ಹುಡುಗರಿಗೂ ಇದರಿಂದ ಉಪಯೋಗವಾಗಬಹುದು ಎಂಬ ಆಸೆ ನನ್ನದು.

ಬ್ರಹ್ಮಪುರದ ಒಂದು ಬಾಡಿಗೆ ಕೋಣೆಯಲ್ಲಿ ಭಾನುವಾರ ನಾನು ಚಿತ್ರಕಲೆ ಹೇಳಿಕೊಡುತ್ತೇನೆ. ಹತ್ತು ಹನ್ನೆರಡು ಮಕ್ಕಳು ಬರುತ್ತಾರೆ. ಹೆಚ್ಚಿನವರಿಗೆ ಭಾವಚಿತ್ರ, ನಿಸರ್ಗಚಿತ್ರ ಬೇಕು. ನಮ್ಮೂರು ವರ್ಣಚಿತ್ರಕಾರ ಎಸ್.ಎಂ. ಪಂಡಿತರನ್ನು ಕೊಟ್ಟ ಊರು. ಅವರ ಹೆಸರಿನ ರಂಗಮಂದಿರವೇ ಇಲ್ಲಿದೆ. ಬಣ್ಣದ ಮೇಲೆ ಇಲ್ಲಿನವರಿಗೆ ಪ್ರೀತಿ ಜಾಸ್ತಿ. ವ್ಯಂಗ್ಯಚಿತ್ರ ಕಲಿಯುತ್ತೇನೆ ಎಂದು ಬಂದವಳು ಇವಳೊಬ್ಬಳೇ. ಆಳಂದ ತಾಲ್ಲೂಕಿನ ರೈತರ ಮನೆಯ ಹುಡುಗಿ. ಕಾಲೇಜು ಓದುತ್ತಾ ಹಾಸ್ಟೆಲ್‌ನಲ್ಲಿ ಇದ್ದಳು. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಮೊದಲ ದಿನ ಅವಳಿಗೆ ಆರ್.ಕೆ. ಲಕ್ಷ್ಮಣರ ಶ್ರೀಸಾಮಾನ್ಯನನ್ನು ತೋರಿಸಿದೆ. ಮೈಸೂರಿನಲ್ಲಿ ಹುಟ್ಟಿದ ಲಕ್ಷ್ಮಣ್ ಶುರುವಿನಲ್ಲಿ ನಮ್ಮ 'ಕೊರವಂಜಿ'ಗೂ ಬರೆದವರು. 'ರಾಶಿ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಎಂ. ಶಿವರಾಂ 1942ರಲ್ಲಿ ಆರಂಭಿಸಿದ ಹಾಸ್ಯ ಪತ್ರಿಕೆ ಅದು. 1951ರಿಂದ ದಶಕಗಟ್ಟಲೆ 'ಟೈಮ್ಸ್ ಆಫ್ ಇಂಡಿಯಾ'ದಲ್ಲಿ ಬಂದ ಆ ಚೌಕಳಿ ಕೋಟಿನ ಮನುಷ್ಯ ಯಾವ ಚಿತ್ರದಲ್ಲೂ ಬಾಯಿ ಬಿಡುವುದಿಲ್ಲ. ಸುಮ್ಮನೆ ನಿಂತು ನೋಡುತ್ತಾನೆ. 'ಇವನು ಯಾಕ ಮಾತಾಡಂಗಿಲ್ಲ ಸರ್?' ಎಂದು ಕೇಳಿದಳು. 'ನೀನೇ ಯೋಚಿಸು' ಎಂದೆ. ಆ ಪ್ರಶ್ನೆ ಅವಳ ತಲೆಯಲ್ಲೇ ಉಳಿದಿತ್ತು. ಅದು ನನಗೆ ಗೊತ್ತಾಗಿದ್ದು ತಿಂಗಳುಗಳ ನಂತರ.

ಚಿತ್ರ ಹುಟ್ಟಿದ್ದು ತೊಗರಿಯಿಂದ. ಕಲಬುರಗಿ ತೊಗರಿಯ ಕಣಜ ಅಂತ ಎಲ್ಲರಿಗೂ ಗೊತ್ತು. 2019ರಲ್ಲಿ ಇಲ್ಲಿನ ತೊಗರಿಗೆ ಭೌಗೋಳಿಕ ಗುರುತಿನ ಜಿಐ ಟ್ಯಾಗ್ ಕೂಡ ಸಿಕ್ಕಿದೆ. 2022ರ ಹಂಗಾಮಿನಲ್ಲಿ ನೆಟೆ ರೋಗ ಬಂದು ಹೂವು ಕಾಯಿ ಹಿಡಿದ ಗಿಡಗಳು ನಿಂತಲ್ಲೇ ಒಣಗಿದವು. ಇವಳ ಅಪ್ಪನ ಹೊಲವೂ ಅದರಲ್ಲಿ ಹೋಯಿತು. ಮುಂದೆ 2024ರಲ್ಲಿ ಬೆಲೆ ಕ್ವಿಂಟಲಿಗೆ 10,000 ದಾಟಿತು. ಆಸೆಯಿಂದ ಎಲ್ಲರೂ ಬಿತ್ತಿದರು. ರಾಶಿ ಮಾಡಿ ಗಂಜ್ ಮಾರುಕಟ್ಟೆಗೆ ತರುವ ಹೊತ್ತಿಗೆ ಬೆಲೆ ಬೆಂಬಲ ಬೆಲೆಗಿಂತ ಕೆಳಗಿತ್ತು. ಆ ವರ್ಷದ ಬೆಂಬಲ ಬೆಲೆ 7,550. ರಾಜ್ಯ ಸರ್ಕಾರ 450 ರೂಪಾಯಿ ಸೇರಿಸಿ 8,000ಕ್ಕೆ ಖರೀದಿ ಎಂದು ಹೇಳಿತು. 2025ರ ಜನವರಿಯಲ್ಲಿ ಕೇಂದ್ರ ಸರ್ಕಾರ ಸುಂಕವಿಲ್ಲದೆ ಹೊರದೇಶದ ತೊಗರಿ ತರಿಸುವ ಅವಕಾಶವನ್ನು 2026ರ ಮಾರ್ಚ್‌ವರೆಗೆ ಮುಂದುವರಿಸಿತು. ಒಂದು ಕೈ ಕೊಟ್ಟಿತು, ಇನ್ನೊಂದು ಕೈ ಕಸಿಯಿತು ಎಂದು ಅವಳ ಅಪ್ಪ ಹೇಳಿದರಂತೆ. ಆ ಮಾತು ಹಿಡಿದುಕೊಂಡೇ ಅವಳು ಕ್ಲಾಸಿಗೆ ಬಂದಳು.

ಮೊದಲ ಕರಡಿನಲ್ಲಿ ಒಬ್ಬ ನಾಯಕ ಇದ್ದ. ದೊಡ್ಡ ಹೊಟ್ಟೆ, ಒಂದು ಮೀಸೆ, ಒಂದು ಕನ್ನಡಕ. ಯಾರು ಅಂತ ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಅವನ ಬಾಯಲ್ಲಿ ತೊಗರಿ ಸುರಿಯುತ್ತಿತ್ತು. ಪಕ್ಕದಲ್ಲಿ ರೈತ ಅಳುತ್ತಾ 'ನಮ್ಮ ಬೆಲೆ ಎಲ್ರಿ?' ಎನ್ನುತ್ತಿದ್ದ. ಗೆರೆ ಚುರುಕಾಗಿತ್ತು. ಆದರೆ ಚಿತ್ರ ಬೈಗುಳವಾಗಿತ್ತು. ಹೊಟ್ಟೆ ದಪ್ಪ ಇರುವುದು ಯಾರ ತಪ್ಪು? ತೊಗರಿ ಬೆಲೆಗೂ ಹೊಟ್ಟೆಗೂ ಏನು ಸಂಬಂಧ? ಇದನ್ನು ಅವಳಿಗೆ ನೇರವಾಗಿ ಕೇಳಿದೆ. ಸಿಟ್ಟು ಬಂತು ಅವಳಿಗೆ. ಎರಡು ವಾರ ಬರಲಿಲ್ಲ.

ಮೂರನೇ ವಾರ ಬಂದಾಗ ಕೈಯಲ್ಲಿ ತುಲಾಭಾರ ಇತ್ತು.

ನಮ್ಮ ಕಡೆ ಮಠ, ದೇವಸ್ಥಾನ, ಜಾತ್ರೆಗಳಲ್ಲಿ ತುಲಾಭಾರ ನೋಡದವರು ಯಾರೂ ಇಲ್ಲ. ರಾಜಕಾರಣಿಗಳಿಗೂ ಅಭಿಮಾನಿಗಳು ಮಾಡುತ್ತಾರೆ. ಬೆಲ್ಲ, ಅಕ್ಕಿ, ನಾಣ್ಯ ಏನಾದರೂ ಆಗಬಹುದು. ಅವಳ ಚಿತ್ರದಲ್ಲಿ ತೊಗರಿಯ ತುಲಾಭಾರ. ಒಂದು ತಟ್ಟೆಯಲ್ಲಿ ನಾಯಕ ಕುರ್ಚಿ ಸಮೇತ ಕೂತಿದ್ದಾನೆ. ಇನ್ನೊಂದು ತಟ್ಟೆಯಲ್ಲಿ ಚೀಲದ ಮೇಲೆ ಚೀಲ. ಆದರೂ ನಾಯಕನ ತಟ್ಟೆ ಮೇಲೇಳುತ್ತಿಲ್ಲ. ಯಾಕೆ ಅಂದರೆ ಕುರ್ಚಿಯ ನಾಲ್ಕೂ ಕಾಲು ತಟ್ಟೆಯನ್ನು ತೂತು ಮಾಡಿಕೊಂಡು ನೆಲದೊಳಗೆ ಇಳಿದಿವೆ. ರೈತ ತನ್ನ ಕೊನೆಯ ಚೀಲ ಹೊತ್ತು ತರುತ್ತಿದ್ದಾನೆ. ಅದರ ಮೇಲೆ 'ಬೀಜ' ಎಂದು ಬರೆದಿದೆ. ಶಾಲು ಹಿಡಿದು ನಿಂತ ಹಿಂಬಾಲಕ ಹೇಳುತ್ತಿದ್ದಾನೆ: 'ಇನ್ನೊಂದು ಚೀಲ ಹಾಕ್ರಿ, ಸಾಹೇಬ್ರು ಇನ್ನಾ ಏಳವಲ್ರು!'

ನಾನು ಆ ಹಾಳೆಯನ್ನು ತುಂಬಾ ಹೊತ್ತು ಹಿಡಿದುಕೊಂಡೇ ಇದ್ದೆ. 'ಏಳು' ಎಂಬ ಒಂದೇ ಮಾತು ತಕ್ಕಡಿಗೂ ಹೊಂದುತ್ತದೆ, ಕುರ್ಚಿಗೂ ಹೊಂದುತ್ತದೆ. ಮಾತಾಡುವವನು ರೈತ ಅಲ್ಲ. ಮಾತು ಹಿಂಬಾಲಕನ ಬಾಯಿಗೆ ಹೋಗಿದೆ. ರೈತ ಸುಮ್ಮನೆ ಹೊರುತ್ತಿದ್ದಾನೆ. ಲಕ್ಷ್ಮಣರ ಮನುಷ್ಯ ಯಾಕೆ ಮಾತಾಡುವುದಿಲ್ಲ ಎಂಬ ಪ್ರಶ್ನೆಗೆ ಅವಳೇ ಉತ್ತರ ಹುಡುಕಿಕೊಂಡಿದ್ದಳು. ಇನ್ನೊಂದು ಬದಲಾವಣೆ ಅಂದರೆ ನಾಯಕನ ಮುಖ. ಅದನ್ನು ಅವಳು ಹಾರಗಳಿಂದ ಮುಚ್ಚಿಬಿಟ್ಟಿದ್ದಳು. ಕೊರಳಿಂದ ಹಣೆಯವರೆಗೆ ಚೆಂಡು ಹೂವಿನ ಹಾರ. ಮುಖವೇ ಕಾಣುವುದಿಲ್ಲ. 'ಯಾವ ಪಕ್ಷದವರು ಬಂದ್ರೂ ಇದ ಆಗೋದು ಸರ್, ಅದಕ್ಕ ಮುಖ ಬ್ಯಾಡ' ಎಂದಳು.

ಅದು ಒಳ್ಳೆಯ ನಿರ್ಧಾರ ಎಂದು ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಆದರೆ ಮುಖ ಇಲ್ಲದ ಜಾಗದಲ್ಲಿ ಯಾರು ಬೇಕಾದರೂ ಯಾರ ಹೆಸರನ್ನಾದರೂ ಅಂಟಿಸಬಹುದು. ಇದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಪ್ರದರ್ಶನ ಮೂರು ದಿನದ್ದು. ಮಕ್ಕಳ 22 ಚಿತ್ರಗಳು. ಇವಳದು ಬಾಗಿಲಿನ ಎಡಕ್ಕೆ ಮೊದಲನೆಯದು. ಮೊದಲ ದಿನ ಬಂದವರು ನಕ್ಕರು, ಫೋಟೊ ತೆಗೆದುಕೊಂಡರು, ಬೆನ್ನು ತಟ್ಟಿದರು. ಎರಡನೇ ದಿನ ಮಧ್ಯಾಹ್ನ ನನ್ನ ಫೋನಿಗೆ ಒಂದು ಚಿತ್ರ ಬಂತು. ಇವಳ ಚಿತ್ರವೇ. ಆದರೆ ಅರ್ಧ ಮಾತ್ರ. ರೈತ ಇಲ್ಲ, ಬೀಜದ ಚೀಲ ಇಲ್ಲ, ತಕ್ಕಡಿಯ ಆ ಕಡೆಯ ತಟ್ಟೆಯೇ ಇಲ್ಲ. ಕುರ್ಚಿ ಮೇಲೆ ಕೂತ ಮುಖವಿಲ್ಲದ ಮನುಷ್ಯ ಮಾತ್ರ. ಮೇಲೆ ಕೆಂಪು ಅಕ್ಷರದಲ್ಲಿ ಜಿಲ್ಲೆಯ ಒಬ್ಬ ನಾಯಕರ ಹೆಸರು. ಕೆಳಗೆ ಅವರ ಜಾತಿ ಹಿಡಿದು ಒಂದು ಹೊಲಸು ಮಾತು. ಅವಳ ಅಡಿಬರಹವನ್ನು ಅಳಿಸಿದ್ದರು. ಅವಳ ಸಹಿ ಮಾತ್ರ ಮೂಲೆಯಲ್ಲಿ ಹಾಗೇ ಉಳಿದಿತ್ತು.

ಈ ಒಂದು ಕೆಲಸ ಎಷ್ಟು ಕೆಟ್ಟದ್ದು ಎಂದು ಬಿಡಿಸಿ ಹೇಳಬೇಕು. ಚಿತ್ರ ಇದ್ದದ್ದು ಒಂದು ಸಂಬಂಧದ ಮೇಲೆ. ಕೂತವನಿಗೂ ಹೊತ್ತವನಿಗೂ ನಡುವಿನ ಸಂಬಂಧ. ಹೊತ್ತವನನ್ನು ತೆಗೆದರೆ ಕೂತವನ ತಪ್ಪು ಏನು ಅಂತಲೇ ಗೊತ್ತಾಗುವುದಿಲ್ಲ. ಉಳಿಯುವುದು ಒಬ್ಬ ಮನುಷ್ಯನ ಅವಮಾನ ಮಾತ್ರ. ಆ ನಾಯಕರ ಕಡೆಯ ಹುಡುಗರು ಸಂಜೆ ಸಭಾಂಗಣಕ್ಕೆ ಬಂದಾಗ ಅವರ ಸಿಟ್ಟಿಗೆ ಕಾರಣ ಇತ್ತು. ಅವರು ನೋಡಿದ್ದು ಆ ಅರ್ಧ ಚಿತ್ರವನ್ನು. ಒಬ್ಬ ಹುಡುಗನನ್ನು ಕೈ ಹಿಡಿದು ಪಡಸಾಲೆಗೆ ಕರೆದುಕೊಂಡು ಹೋಗಿ ಪೂರ್ತಿ ಚಿತ್ರ ತೋರಿಸಿದೆ. ಅವನು ನೋಡಿದ. 'ಹೆಸರು ಇಲ್ಲಲ್ಲ ಇದ್ರಾಗ' ಎಂದ. ಧ್ವನಿ ತಣ್ಣಗಾಯಿತು. ಆದರೆ ಹೊರಗಿದ್ದ ಉಳಿದವರಿಗೆ ಅದು ಕೇಳಿಸುವ ಹಾಗಿರಲಿಲ್ಲ. ಸಭಾಂಗಣದವರು ನನ್ನನ್ನು ಬದಿಗೆ ಕರೆದು, ಇದೊಂದು ತೆಗೆದುಬಿಡಿ, ಉಳಿದ ಮಕ್ಕಳ ಚಿತ್ರಗಳಾದರೂ ಇರಲಿ ಎಂದರು.

ನಾನು ತೆಗೆದೆ. ಅವಳನ್ನು ಕೇಳದೆ ತೆಗೆದೆ. ಅವಳು ಆಗ ಹಾಸ್ಟೆಲ್‌ನಲ್ಲಿದ್ದಳು. ಒಂದು ಫೋನ್ ಮಾಡಲು ಎರಡು ನಿಮಿಷ ಸಾಕಿತ್ತು. ಮಾಡಲಿಲ್ಲ. ಭಯ ಆಯಿತು ನನಗೆ. ಮಕ್ಕಳಿಗೆ ಏನಾದರೂ ಆದೀತೆಂಬ ಭಯ ಎಂದು ನಾನು ಅವತ್ತು ಹೇಳಿಕೊಂಡೆ. ನನ್ನ ಭಯವೂ ಅದರಲ್ಲಿತ್ತು. ಗೋಡೆಯಲ್ಲಿ ಆ ಜಾಗ ಖಾಲಿ ಉಳಿಯಿತು. ನಾಲ್ಕು ಮೂಲೆಗೆ ಹಚ್ಚಿದ್ದ ಟೇಪಿನ ತುಂಡುಗಳು ಮಾತ್ರ ಇದ್ದವು. ಮರುದಿನ ಬೆಳಿಗ್ಗೆ ಅವಳು ಬಂದು ಆ ಟೇಪಿನ ತುಂಡುಗಳನ್ನು ನೋಡಿದಳು. ಒಂದು ಮಾತೂ ಆಡಲಿಲ್ಲ. ಅವಳ ಅಪ್ಪನಿಗೆ ಯಾರೋ ಆ ಅರ್ಧ ಚಿತ್ರವನ್ನೇ ಕಳಿಸಿದ್ದರು. ಅವರು ಫೋನ್ ಮಾಡಿ 'ಮಗಳ ಹೆಸರು ಊರ ತುಂಬ ಆಯ್ತಲ್ರಿ ಸರ್' ಎಂದಾಗ ನನಗೆ ಉತ್ತರ ಇರಲಿಲ್ಲ.

ಇಂಥದ್ದು ಮೊದಲ ಸಲ ಆಗಿದ್ದಲ್ಲ. ಆ ವಾರ ಹಳೆಯ ಪ್ರಕರಣಗಳನ್ನು ನಾನು ಮತ್ತೆ ಮತ್ತೆ ಓದಿದೆ. ಮೂರು ನನ್ನ ಮನಸ್ಸಿನಲ್ಲಿ ನಿಂತವು.

ಒಂದು, 1987ರದು. ತಮಿಳಿನ 'ಆನಂದ ವಿಕಟನ್' ಮುಖಪುಟದಲ್ಲಿ ವೇದಿಕೆ ಮೇಲೆ ಇಬ್ಬರು ಕೂತಿದ್ದರು. ಇವರಲ್ಲಿ ಶಾಸಕ ಯಾರು, ಮಂತ್ರಿ ಯಾರು ಎಂಬ ಪ್ರಶ್ನೆ. ಜೇಬುಗಳ್ಳನ ಹಾಗೆ ಇರುವವನು ಶಾಸಕ, ಮುಖವಾಡ ಹಾಕಿದ ದರೋಡೆಕೋರನ ಹಾಗೆ ಇರುವವನು ಮಂತ್ರಿ ಎಂಬ ಉತ್ತರ. ಯಾರ ಹೆಸರೂ ಇರಲಿಲ್ಲ. ಆದರೂ ತಮಿಳುನಾಡು ವಿಧಾನಸಭೆ ಸಂಪಾದಕ ಬಾಲಸುಬ್ರಮಣಿಯನ್ ಅವರಿಗೆ ಮೂರು ತಿಂಗಳ ಜೈಲು ಶಿಕ್ಷೆ ಕೊಟ್ಟಿತು. ದೇಶದ ತುಂಬ ಪತ್ರಕರ್ತರು ಪ್ರತಿಭಟಿಸಿದರು. ಕೆಲವೇ ದಿನಗಳಲ್ಲಿ ಬಿಡುಗಡೆಯಾಯಿತು. ಹೆಸರು ಬಿಟ್ಟರೆ ಕಾಪಾಡುತ್ತದೆ ಎಂಬ ನನ್ನ ನಂಬಿಕೆ ಎಷ್ಟು ತೆಳುವಾದದ್ದು ಎಂದು ಇದನ್ನು ಓದಿದಾಗ ತಿಳಿಯಿತು.

ಎರಡನೆಯದು 2012ರ ಏಪ್ರಿಲ್‌ನದು. ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಅಂಬಿಕೇಶ್ ಮಹಾಪಾತ್ರ ಮುಖ್ಯಮಂತ್ರಿಯ ಮೇಲಿನ ಒಂದು ವ್ಯಂಗ್ಯಚಿತ್ರವನ್ನು ಇಮೇಲ್‌ನಲ್ಲಿ ಬೇರೆಯವರಿಗೆ ಕಳಿಸಿದ್ದಕ್ಕೆ ಬಂಧನಕ್ಕೆ ಒಳಗಾದರು. ಅವರ ಮೇಲೆ ಹಾಕಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಸಂವಿಧಾನಕ್ಕೆ ವಿರುದ್ಧ ಎಂದು ರದ್ದು ಮಾಡಿತು. ಆದರೂ ಪ್ರಕರಣದಿಂದ ಅವರು ಪೂರ್ತಿ ಹೊರಬಂದದ್ದು 2023ರಲ್ಲಿ. ಹತ್ತು ವರ್ಷಕ್ಕಿಂತ ಜಾಸ್ತಿ ಅಲೆದಾಟ. ನಮ್ಮ ಹುಡುಗಿಗೆ 19 ವರ್ಷ ಎಂಬುದು ನನಗೆ ಆ ರಾತ್ರಿ ಪದೇ ಪದೇ ನೆನಪಾಯಿತು.

ಮೂರನೆಯದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. 1949ರಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ ಒಂದು ಚಿತ್ರ ಬರೆದರು. ಸಂವಿಧಾನ ಎಂಬ ಬಸವನಹುಳು ನಿಧಾನ ಹೋಗುತ್ತಿದೆ. ಅದರ ಮೇಲೆ ಕೂತ ಅಂಬೇಡ್ಕರ್ ಅದನ್ನು ಓಡಿಸುತ್ತಿದ್ದಾರೆ. ಹಿಂದೆ ನೆಹರೂ ಚಾವಟಿ ಹಿಡಿದಿದ್ದಾರೆ. ಬರೆದಾಗ ಅದು ತಡವಾದ ಕೆಲಸದ ಮೇಲಿನ ಚಿತ್ರ. ಮುಂದೆ ಅದು ಎನ್‌ಸಿಇಆರ್‌ಟಿಯ 11ನೇ ತರಗತಿಯ ಪುಸ್ತಕಕ್ಕೆ ಸೇರಿತು. 2012ರಲ್ಲಿ ಸಂಸತ್ತಿನಲ್ಲಿ ದೊಡ್ಡ ಗದ್ದಲವಾಯಿತು. ಶಂಕರ್ ದೊಡ್ಡ ಕಲಾವಿದರು, ಚಿತ್ರಕ್ಕೆ ಅದರ ಕಾಲ ಇದೆ, ಇದನ್ನೆಲ್ಲ ಒಪ್ಪುತ್ತೇನೆ. ಆದರೆ ನಮ್ಮ ಜಿಲ್ಲೆಯ ಹಳ್ಳಿಯ ಶಾಲೆಯಲ್ಲಿ ಕೂತ ಒಬ್ಬ ದಲಿತ ಹುಡುಗನ ಕಣ್ಣಿಗೆ ಬಾಬಾಸಾಹೇಬರ ಬೆನ್ನ ಹಿಂದಿನ ಚಾವಟಿ ಬೇರೆಯೇ ಆಗಿ ಕಾಣುತ್ತದೆ. ಆ ನೋವನ್ನು ನಾನು ತಳ್ಳಿಹಾಕಲಾರೆ. ಬರೆದವನ ಮನಸ್ಸಿನಲ್ಲಿ ಇಲ್ಲದ್ದು ನೋಡುವವನ ಬದುಕಿನಲ್ಲಿ ಇರುತ್ತದೆ. ಆ ಕೆಂಪು ಅಕ್ಷರದ ಜಾತಿ ಮಾತು ಓದಿದ ಜನರ ಕಣ್ಣಿಗೂ ಹಾಗೇ ಆಯಿತು. ವ್ಯತ್ಯಾಸ ಒಂದೇ. ಇಲ್ಲಿ ಆ ನೋವನ್ನು ಯಾರೋ ಬೇಕು ಅಂತಲೇ ಚಿತ್ರಕ್ಕೆ ಅಂಟಿಸಿದ್ದರು.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. ಹೈಕೋರ್ಟಿನ ಕಲಬುರಗಿ ಪೀಠದಲ್ಲಿ ವಕೀಲಿ ಮಾಡುವ ಗೆಳೆಯರೊಬ್ಬರು ಎರಡೂ ಚಿತ್ರಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದರು. ಮಾನಹಾನಿ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿದೆ. 2024ರ ಜುಲೈ 1ಕ್ಕೆ ಮೊದಲು ಅದು ದಂಡ ಸಂಹಿತೆಯ 499 ಮತ್ತು 500. ಸಾರ್ವಜನಿಕ ಹುದ್ದೆಯಲ್ಲಿರುವವರ ಕೆಲಸದ ಬಗ್ಗೆ ಪ್ರಾಮಾಣಿಕವಾಗಿ ಅಭಿಪ್ರಾಯ ಹೇಳಲು ಅದರಲ್ಲೇ ವಿನಾಯಿತಿ ಇದೆ. 'ಮೂಲ ಚಿತ್ರ ಕೆಲಸದ ಬಗ್ಗೆ ಮಾತಾಡ್ತದ. ಕತ್ತರಿಸಿದ್ದು ಮನುಷ್ಯನ ಬಗ್ಗೆ, ಅವನ ಜಾತಿ ಬಗ್ಗೆ ಮಾತಾಡ್ತದ. ಎರಡೂ ಒಂದೇ ಅಲ್ಲ' ಎಂದರು. ಪೂರ್ತಿ ಚಿತ್ರವನ್ನು ತಾರೀಖಿನ ಸಮೇತ ಇಟ್ಟುಕೊಳ್ಳಿ ಎಂದೂ ಹೇಳಿದರು. ಪುಣ್ಯಕ್ಕೆ ಯಾರೂ ದೂರು ಕೊಡಲಿಲ್ಲ. ಆ ಪಡಸಾಲೆಯ ಹುಡುಗನೇ ಪೂರ್ತಿ ಚಿತ್ರದ ಫೋಟೊ ತಮ್ಮ ಗುಂಪಿಗೆ ಹಾಕಿದ್ದನಂತೆ. ಅವನಿಗೆ ನಾನು ಋಣಿ.

ಮುಂದಿನ ಭಾನುವಾರ ಅವಳು ಕ್ಲಾಸಿಗೆ ಬಂದಳು. ಎಲ್ಲ ಮಕ್ಕಳ ಎದುರು ಅವಳ ಕ್ಷಮೆ ಕೇಳಿದೆ. ಕೇಳದೆ ತೆಗೆದದ್ದು ನನ್ನ ತಪ್ಪು ಎಂದೆ. 'ಕೇಳಿದ್ರ ನಾನೂ ತೆಗಿರಿ ಅಂತಿದ್ದೆ ಸರ್' ಎಂದಳು. 'ಆದ್ರ ನಾನ ತೆಗಿತಿದ್ದೆ.' ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಚಿತ್ರ ಅವಳದು. ಇಡುವುದೂ ಇಳಿಸುವುದೂ ಅವಳ ಕೈಯಲ್ಲಿ ಇರಬೇಕಿತ್ತು. ನಾನು ಪಕ್ಕದಲ್ಲಿ ನಿಲ್ಲಬೇಕಿತ್ತು, ಅಷ್ಟೇ.

ಆಮೇಲೆ ಅವಳು ಚೀಲದಿಂದ ಹೊಸ ಹಾಳೆ ತೆಗೆದಳು. ಅದೇ ಚಿತ್ರ, ಬೇರೆ ರಚನೆ. 'ಈ ಸಲ ಹ್ಯಾಂಗ ಕತ್ತರಿಸ್ತಾರ ನೋಡ್ರಿ' ಎಂದಳು.

ಮೊದಲ ಚಿತ್ರದಲ್ಲಿ ಎರಡು ತಟ್ಟೆಗಳ ನಡುವೆ ಖಾಲಿ ಜಾಗ ಇತ್ತು. ಅಲ್ಲೇ ಕತ್ತರಿ ಆಡಿತ್ತು. ಹೊಸದರಲ್ಲಿ ಹಾಳೆಯ ಕೆಳಗಿನ ಮೂರನೇ ಒಂದು ಭಾಗ ಪೂರ್ತಿ ಕಪ್ಪು. ನಮ್ಮ ಎರೆಮಣ್ಣು. ಕುರ್ಚಿಯ ಕಾಲುಗಳು ಆ ಮಣ್ಣಿಗೆ ಇಳಿದು ಬೇರಾಗಿವೆ. ಬೇರುಗಳು ಹಾಳೆಯ ಉದ್ದಕ್ಕೂ ಹರಿದು, ರೈತನ ಕಾಲ ಕೆಳಗೆ ಹೋಗಿ, ಅವನ ಹೊಲದ ತೊಗರಿ ಗಿಡದ ಬೇರನ್ನು ಸುತ್ತಿಕೊಂಡಿವೆ. ಕಪ್ಪಿನಲ್ಲಿ ಬೇರುಗಳನ್ನು ಬಿಳಿ ಗೆರೆಯಾಗಿ ಬಿಟ್ಟಿದ್ದಳು. ನಾನೇ ಹಿಂದೊಮ್ಮೆ ಬೀದರಿನ ಬಿದ್ರಿ ತಟ್ಟೆಯೊಂದನ್ನು ಕ್ಲಾಸಿಗೆ ತಂದು ತೋರಿಸಿದ್ದೆ. ಕಪ್ಪು ಲೋಹದಲ್ಲಿ ಬೆಳ್ಳಿ ಎಳೆ ಹೇಗೆ ಮಿಂಚುತ್ತದೆ, ಕಪ್ಪನ್ನು ಧೈರ್ಯವಾಗಿ ತುಂಬಿದರೆ ಒಂದು ತೆಳು ಗೆರೆಯೂ ಹೇಗೆ ಎದ್ದು ಕಾಣುತ್ತದೆ ಎಂದು ಹೇಳಿದ್ದೆ. ಅದನ್ನು ಅವಳು ಇಲ್ಲಿ ತಂದಿದ್ದಳು. ಈಗ ಚಿತ್ರವನ್ನು ಎಲ್ಲಿ ಕತ್ತರಿಸಿದರೂ ಬೇರು ತುಂಡಾಗುತ್ತದೆ. ಏನೋ ಬಿಟ್ಟುಹೋಗಿದೆ ಎಂದು ನೋಡಿದವರಿಗೆ ತಿಳಿಯುತ್ತದೆ.

ಇನ್ನೆರಡು ಬದಲಾವಣೆ. ಅಡಿಬರಹ ಕೆಳಗೆ ಇರಲಿಲ್ಲ. ತಕ್ಕಡಿಯ ದಂಡದ ಮೇಲೆ, ಈ ತುದಿಯಿಂದ ಆ ತುದಿಗೆ, ದಂಡದ ಓರೆಗೆ ಸರಿಯಾಗಿ ಬರೆದಿದ್ದಳು. ಸಹಿ ಮೂಲೆಯಲ್ಲಿ ಇರಲಿಲ್ಲ. ಗೋಣಿಚೀಲಗಳ ಮೇಲೆ ಅಚ್ಚು ಹಾಕಿರುತ್ತಾರಲ್ಲ, ಹಾಗೆ ಬೀಜದ ಚೀಲದ ಮೇಲೆ ಅವಳ ಹೆಸರು, ಊರು, ತಾರೀಖು. ಚೀಲ ತೆಗೆದರೆ ಅವಳ ಹೆಸರೂ ಹೋಗುತ್ತದೆ. ಹೆಸರು ಉಳಿದರೆ ಚೀಲವೂ ಉಳಿಯುತ್ತದೆ. ನಾಯಕನ ಮುಖ ಮಾತ್ರ ಹಾರದ ಹಿಂದೆಯೇ ಇತ್ತು. ಅದನ್ನು ಬದಲಿಸಲು ಅವಳು ಒಪ್ಪಲಿಲ್ಲ. ಯಾರ ಹೆಸರನ್ನಾದರೂ ಅಂಟಿಸಬಹುದು ಎಂಬ ಅಪಾಯ ಇನ್ನೂ ಇದೆ ಎಂದು ಹೇಳಿದೆ. 'ಇರ್ಲಿ ಸರ್. ಮುಖ ಹಾಕಿದ್ರ ಒಬ್ರಿಗೇ ಹೇಳಿದಂಗ ಆಗ್ತದ' ಎಂದಳು. ನಾನು ಸುಮ್ಮನಾದೆ. ಅವಳು ಹೇಳಿದ್ದು ಸರಿ ಇತ್ತು.

ಇದನ್ನು ಎಲ್ಲಿ ಹಾಕುವುದು ಎಂದು ಕೇಳಿದೆ. ಸಭಾಂಗಣ ಬೇಡ ಎಂದಳು. ಅವಳ ಅಪ್ಪ ತೊಗರಿ ತರುವ ನೆಹರು ಗಂಜ್‌ನಲ್ಲಿ ಒಂದು ಚಹಾದ ಅಂಗಡಿ ಇದೆ. ಅಂಗಡಿಯವರನ್ನು ಕೇಳಿ, ಅಪ್ಪನಿಗೂ ಹೇಳಿ, ಅವಳೇ ಹೋಗಿ ಗೋಡೆಗೆ ಹಚ್ಚಿದಳು. ನಾನೂ ಹೋಗಿದ್ದೆ. ಬೆಳಿಗ್ಗೆ ಹತ್ತರ ಹೊತ್ತು. ಲಾರಿಗಳು, ಚೀಲಗಳು, ತೊಗರಿಯ ಧೂಳು. ಅವಳ ಅಪ್ಪ ಸ್ವಲ್ಪ ದೂರದಲ್ಲಿ ಕೈ ಕಟ್ಟಿ ನಿಂತಿದ್ದರು.

ಮೊದಲು ನೋಡಿದವರು ಒಬ್ಬ ವಯಸ್ಸಾದ ಹಮಾಲರು. ಹೆಗಲ ಮೇಲೆ ಗೋಣಿ ತಟ್ಟು, ಕೈಯಲ್ಲಿ ಕೊಂಡಿ. ಚಹಾ ಕುಡಿಯುತ್ತಾ ಚಿತ್ರದ ಹತ್ತಿರ ಬಂದರು. ಅಕ್ಷರ ಓದಲಿಲ್ಲ. ಮೊದಲು ಕುರ್ಚಿಯ ಕಾಲು ನೋಡಿದರು. ಬೆರಳಿನಿಂದ ಬೇರನ್ನು ಹಿಡಿದುಕೊಂಡು ಈ ಕಡೆಯಿಂದ ಆ ಕಡೆಗೆ ಹೋದರು. ರೈತನ ಕಾಲಿನ ಹತ್ತಿರ ಬೆರಳು ನಿಂತಿತು. 'ಅದಕ್ಕ ಏಳವಲ್ದು' ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಹುಡುಗಿ ನನ್ನ ಕಡೆ ನೋಡಿದಳು.

ಆಮೇಲೆ ಅವರು ಬೀಜದ ಚೀಲದ ಮೇಲೆ ಬೆರಳಿಟ್ಟರು. 'ಇದು ಯಾರು ಬರದಾರ? ಚೀಲದ ಬಾಯಿ ಹೊಲದೇ ಇಲ್ಲ. ಹೆಗಲಿಗೆ ಹಾಕಿದ್ರ ಅರ್ಧ ದಾರ್ಯಾಗ ಸುರಿತದ.'

ಅವಳ ಅಪ್ಪ ದೂರದಿಂದಲೇ ಜೋರಾಗಿ ನಕ್ಕರು. ಆ ಇಡೀ ತಿಂಗಳಲ್ಲಿ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವಳು ಚೀಲದಿಂದ ಪೆನ್ನು ತೆಗೆದಳು. ಹಮಾಲರು ಪಕ್ಕದಲ್ಲಿದ್ದ ತೊಗರಿ ಚೀಲದ ಬಾಯಿ ತೋರಿಸಿ, ಸುತಳಿ ಎಲ್ಲಿಂದ ಶುರುವಾಗುತ್ತದೆ, ಎಷ್ಟು ಹೊಲಿಗೆ ಬೀಳುತ್ತದೆ, ಕೊನೆಗೆ ಕಿವಿ ಹೇಗೆ ಕಟ್ಟುತ್ತಾರೆ ಎಂದು ಹೇಳುತ್ತಾ ಹೋದರು. ಅವಳು ಗೋಡೆಗೆ ಹಾಳೆ ಒತ್ತಿ ಹಿಡಿದು, ನಿಂತಲ್ಲೇ, ಒಂದೊಂದೇ ಹೊಲಿಗೆ ಹಾಕಿದಳು.